ಫ್ರೇಮ್‌ವರ್ಕ್ ಆರಿಸುವ ಮೊದಲು ಒಮ್ಮೆ ಬ್ಯಾಡಗಿಗೆ ಹೋಗಿ ಬನ್ನಿ

ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ದಲಾಲರು ನನಗೆ ಒಂದು ವೆಬ್‌ಸೈಟ್ ಕೆಲಸ ಕೊಟ್ಟಿದ್ದರು. ದಿನದ ದರ ಎಷ್ಟು, ತಮ್ಮ ಚೀಲ ಯಾವ ಲಾಟ್‌ನಲ್ಲಿದೆ, ದುಡ್ಡು ಯಾವಾಗ ಬರುತ್ತದೆ ಅಂತ ರೈತರು ಫೋನಿನಲ್ಲೇ ನೋಡಬೇಕು. ನಾನು ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ಕೂತು, ಜೋರಾದ ಇಂಟರ್‌ನೆಟ್‌ನಲ್ಲಿ, ರಿಯಾಕ್ಟ್ ಅನ್ನುವ ಫ್ರೇಮ್‌ವರ್ಕ್ (ಸೈಟ್ ಕಟ್ಟಲು ಸಿದ್ಧವಾಗಿ ಸಿಗುವ ಜಾವಾಸ್ಕ್ರಿಪ್ಟ್ ಕೋಡ್‌ನ ಚೌಕಟ್ಟು) ಬಳಸಿ ಮೊದಲ ಸ್ಕ್ರೀನ್ ಮಾಡಿಕೊಂಡು ಹೋದೆ. ಮಾರುಕಟ್ಟೆಯ ದಿನ, ಘಾಟಿಗೆ ಎಲ್ಲರಿಗೂ ಕೆಮ್ಮು. ಒಬ್ಬ ರೈತರ ಹಳೆಯ ಫೋನಿನಲ್ಲಿ ತೆರೆದರೆ ಬರೀ ಬಿಳಿ ಪರದೆ. ಎಣಿಸಿದೆ, 11 ಸೆಕೆಂಡ್. "ತಂಗಿ, ಇದು ತೆರಿಯೂದ್ರಾಗ ನಾ ಅಂಗಡಿಗೇ ಹೋಗಿ ಕೇಳ್ಕೊಂಡು ಬರ್ತೇನಿ" ಅಂದರು ಅವರು.

ಅವತ್ತಿನಿಂದ ನಾನು ಫ್ರೇಮ್‌ವರ್ಕ್ ಆರಿಸುವ ರೀತಿ ಬದಲಾಯಿತು.

ಮೊದಲು ಲ್ಯಾಪ್‌ಟಾಪ್ ಮುಚ್ಚಿ, ಹಾಳೆಯ ಮೇಲೆ ಎಲ್ಲ ಸ್ಕ್ರೀನ್‌ಗಳನ್ನೂ ಬರೆದುಕೊಳ್ಳಿ. ಪುಟ ಮತ್ತೆ ಲೋಡ್ ಆಗದೆ ಬದಲಾಗಲೇಬೇಕಾದ ಜಾಗಕ್ಕೆ ಮಾತ್ರ ಕೆಂಪು ಪೆನ್ನಿನಿಂದ ಗುರುತು ಹಾಕಿ. ಬ್ಯಾಡಗಿ ಕೆಲಸದಲ್ಲಿ ಆರು ಸ್ಕ್ರೀನ್ ಇದ್ದವು. ಕೆಂಪು ಬಿದ್ದದ್ದು ಒಂದೇ ಕಡೆ: ಕಡ್ಡಿ, ಡಬ್ಬಿ ಅಂತ ಮೆಣಸಿನಕಾಯಿಯ ಬಗೆ ಬೇರೆ ಮಾಡುವ, ಊರಿನ ಹೆಸರು ಹುಡುಕುವ ಪಟ್ಟಿ. ಉಳಿದದ್ದನ್ನೆಲ್ಲ ಸರ್ವರ್ ಕಳಿಸುವ ಎಚ್‌ಟಿಎಂಎಲ್ ಆರಾಮಾಗಿ ನಿಭಾಯಿಸುತ್ತದೆ. ಇಂಥ ಕೆಲಸಕ್ಕೆ ಇಡೀ ಸೈಟನ್ನು ಫ್ರೇಮ್‌ವರ್ಕ್ ಮೇಲೆ ಕಟ್ಟಬೇಡಿ. ಬಿಲ್ಲಿಂಗ್, ಸ್ಟಾಕ್‌ನಂಥ ಕೆಲಸದಲ್ಲಿ ಹಾಳೆ ತುಂಬ ಕೆಂಪಾಗುತ್ತದೆ. ಒಂದು ಸಂಖ್ಯೆ ಬದಲಾದರೆ ಮೂರು ಕಡೆ ಮೊತ್ತ ಬದಲಾಗಬೇಕು. ಅಲ್ಲಿ ಫ್ರೇಮ್‌ವರ್ಕ್ ಬೇಕೇ ಬೇಕು. ಕೈಯಿಂದ ಬರೆದರೆ ಎಲ್ಲೋ ಒಂದು ಕಡೆ ಹಳೆಯ ಮೊತ್ತ ಉಳಿದುಬಿಡುತ್ತದೆ.

ಎರಡನೆಯದು ಫೋನ್. ಆ ಜನ ಬಳಸುವಂಥದ್ದೇ ಒಂದು ಹಳೆಯ ಫೋನ್ ಎರವಲು ತನ್ನಿ. ಸಿಗದಿದ್ದರೆ ಕ್ರೋಮ್ ಬ್ರೌಸರ್‌ನ ಒಳಗೇ ಇರುವ ಪರೀಕ್ಷೆಯ ಸಲಕರಣೆ ಡೆವ್‌ಟೂಲ್ಸ್‌ನಲ್ಲಿ ನೆಟ್‌ವರ್ಕ್ ಮತ್ತು ಸಿಪಿಯು ಎರಡನ್ನೂ ನಿಧಾನ ಮಾಡಿ ನೋಡಿ. ಜಾವಾಸ್ಕ್ರಿಪ್ಟ್ ಇಳಿದು ಬಂದರೆ ಮುಗಿಯಲಿಲ್ಲ, ಫೋನ್ ಅದನ್ನು ಓದಿ ನಡೆಸಬೇಕು. ಅದಕ್ಕೇ ಅಷ್ಟೇ ಕೆಬಿಯ ಫೋಟೊಗಿಂತ ಸ್ಕ್ರಿಪ್ಟ್ ಜಾಸ್ತಿ ಭಾರ. ತಪ್ಪೆಲ್ಲ ರಿಯಾಕ್ಟ್‌ನದೇ ಅಂತ ನಾನು ಹೇಳುವುದಿಲ್ಲ. ಕಂಪ್ರೆಸ್ ಆದ ಮೇಲೆ ಅದು ಸುಮಾರು 40–60 ಕೆಬಿ ಇರುತ್ತದೆ. ಒಂದು ಗೆರೆಯ ಗ್ರಾಫ್‌ಗೋಸ್ಕರ ನಾನು ಸೇರಿಸಿದ್ದ ಚಾರ್ಟ್ ಲೈಬ್ರರಿ ಅದಕ್ಕಿಂತ ದೊಡ್ಡದಿತ್ತು.

ಇನ್ನು ಯಾವ ಫ್ರೇಮ್‌ವರ್ಕ್? 2013ರಲ್ಲಿ ಫೇಸ್‌ಬುಕ್ ಹೊರಬಿಟ್ಟ ರಿಯಾಕ್ಟ್‌ಗೆ ಕೆಲಸಗಾರರು ಸುಲಭವಾಗಿ ಸಿಗುತ್ತಾರೆ. ಆದರೆ ರೌಟರ್ (ಯಾವ ವಿಳಾಸಕ್ಕೆ ಯಾವ ಸ್ಕ್ರೀನ್ ಅಂತ ನೋಡಿಕೊಳ್ಳುವ ಭಾಗ), ಫಾರ್ಮ್ ಎಲ್ಲ ನೀವೇ ಆರಿಸಬೇಕು. ಗೂಗಲ್‌ನ ಆ್ಯಂಗ್ಯುಲರ್‌ನಲ್ಲಿ ಅವೆಲ್ಲ ಒಳಗೇ ಇವೆ. ನಾಲ್ಕೈದು ಜನರ ತಂಡಕ್ಕೆ ಒಳ್ಳೆಯದು, ಒಬ್ಬರಿಗೆ ಹೊರೆ. ಸ್ವೆಲ್ಟ್ ಬಿಲ್ಡ್ ಸಮಯದಲ್ಲೇ, ಅಂದರೆ ಸೈಟ್ ಏರಿಸುವ ಮೊದಲು ಕೋಡ್ ಸಿದ್ಧಮಾಡುವಾಗಲೇ, ಹೆಚ್ಚಿನ ಕೆಲಸ ಮುಗಿಸಿಕೊಳ್ಳುತ್ತದೆ, ಸಣ್ಣ ಸೈಟ್‌ಗೆ ಹಗುರ. ಇವಾನ್ ಯೂ 2014ರಲ್ಲಿ ಹೊರತಂದ ವ್ಯೂವನ್ನು ಬಿಲ್ಡ್ ಇಲ್ಲದೆ, ಒಂದು ಸ್ಕ್ರಿಪ್ಟ್ ಟ್ಯಾಗ್‌ನಿಂದಲೂ ಒಂದೇ ಪುಟಕ್ಕೆ ಹಾಕಬಹುದು. ನಾನು ಬ್ಯಾಡಗಿಗೆ ಅದನ್ನೇ ಹಾಕಿದೆ. ಅದೇ ಫೋನ್, ಅದೇ ಅಂಗಳ, ದರದ ಪಟ್ಟಿ 3 ಸೆಕೆಂಡಿನಲ್ಲಿ ಬಂತು.

ಆದರೆ ಹುಡುಕಾಟ ಕೈಕೊಟ್ಟಿತು. ನಮ್ಮ ಭಾಷೆಯಲ್ಲಿ ಸೈಟ್ ಮಾಡುವವರು ಇದನ್ನು ದಯವಿಟ್ಟು ಗಮನಿಸಿ. ಫೋನಿನ ಕೀಬೋರ್ಡ್‌ನಲ್ಲಿ ಕನ್ನಡ ಟೈಪ್ ಮಾಡುವಾಗ ಪದ ಇನ್ನೂ ಕೂಡುತ್ತಿರುತ್ತದೆ. ಟೈಪ್ ಮಾಡಿದ್ದನ್ನು ಕೋಡ್‌ಗೆ ಮುಟ್ಟಿಸುವ ವ್ಯೂನ ವಿ-ಮಾಡೆಲ್ ಆ ಪದ ಮುಗಿಯುವವರೆಗೂ ಕಾಯುತ್ತದೆ. ಮೋಟೆಬೆನ್ನೂರು ಊರನ್ನು ಹುಡುಕಲು "ಮೋಟೆ" ಅಂತ ಹೊಡೆದರೂ ಪಟ್ಟಿ ಅಲ್ಲಾಡುವುದಿಲ್ಲ, ಸ್ಪೇಸ್ ಒತ್ತಿದ ಮೇಲೆ ಬದಲಾಗುತ್ತದೆ. ವಿ-ಮಾಡೆಲ್ ಬಿಟ್ಟು ಪ್ರತಿ ಅಕ್ಷರಕ್ಕೂ ಬ್ರೌಸರ್ ಕೊಡುವ ಸೂಚನೆಯನ್ನು (ಇನ್‌ಪುಟ್ ಈವೆಂಟ್) ನೇರವಾಗಿ ಹಿಡಿದರೆ ಸರಿಹೋಗುತ್ತದೆ. ಇನ್ನೊಂದು ತೊಡಕು ಯಾವ ಫ್ರೇಮ್‌ವರ್ಕ್‌ನಲ್ಲಾದರೂ ಬರುತ್ತದೆ. "ಮೋಟೆಬೆನ್ನೂರು" ಪದದ ಓತ್ವದ ಗುರುತನ್ನು, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ, ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹುಡುಕುವ ಪದ, ಪಟ್ಟಿಯ ಪದ ಎರಡನ್ನೂ ನಾರ್ಮಲೈಸ್ ಮಾಡಿ, ತುಂಡುಗಳನ್ನು ಕೂಡಿಸಿಡುವ ಎನ್‌ಎಫ್‌ಸಿ ರೂಪಕ್ಕೆ ತಂದು ಹೋಲಿಸಿ.

ಹಾಗಾಗಿ ಎರಡು ದಿನ ಎತ್ತಿಟ್ಟು, ಮನಸ್ಸಿನಲ್ಲಿರುವ ಎರಡು ಫ್ರೇಮ್‌ವರ್ಕ್‌ಗಳಲ್ಲಿ ಒಂದೇ ಪುಟ ಕಟ್ಟಿ ನೋಡಿ. ಒಂದು ಪಟ್ಟಿ, ಒಂದು ಕನ್ನಡ ಹುಡುಕಾಟ, ಒಂದು ಫಾರ್ಮ್, ಅಷ್ಟು ಸಾಕು. ಗ್ರಾಹಕರ ಹೋಸ್ಟಿಂಗ್ ಯಾವುದು ಅಂತಲೂ ಆಗಲೇ ಕೇಳಿ. ಅದು ಬರೀ ಪಿಎಚ್‌ಪಿ ನಡೆಸುವಂಥದ್ದಾಗಿದ್ದರೆ, ರಿಯಾಕ್ಟ್ ಮೇಲಿನ ನೆಕ್ಸ್ಟ್ ಅಥವಾ ವ್ಯೂ ಮೇಲಿನ ನಕ್ಸ್ಟ್ ಅನ್ನು ನೋಡ್ ಸರ್ವರ್ (ಜಾವಾಸ್ಕ್ರಿಪ್ಟ್ ನಡೆಸುವ ಸರ್ವರ್) ಬೇಡುವ ರೀತಿಯಲ್ಲಿ ತಂದರೆ ತಿಂಗಳ ಖರ್ಚು ಏರುತ್ತದೆ.

ಕೊನೆಗೆ, ನಿಮ್ಮ ನಂತರ ಇದನ್ನು ನೋಡಿಕೊಳ್ಳುವವರು ಯಾರು? ಧಾರವಾಡದ ಒಂದು ಕೋಚಿಂಗ್ ಸೆಂಟರ್‌ನ ಸೈಟ್ ನನ್ನ ಕೈಗೆ ಬಂದಾಗ ಅದು ಆ್ಯಂಗ್ಯುಲರ್‌ಜೆಎಸ್‌ನಲ್ಲಿತ್ತು. ಆ ಹಳೆಯ ಆವೃತ್ತಿಗೆ 2021ರ ಕೊನೆಗೇ ಬೆಂಬಲ ನಿಂತಿತ್ತು. 2016ರ ಹೊಸ ಆ್ಯಂಗ್ಯುಲರ್ ಪೂರ್ತಿ ಬೇರೆ ಆದ್ದರಿಂದ ಸುಮ್ನೆ ಅಪ್‌ಡೇಟ್ ಮಾಡಲೂ ಬರಲಿಲ್ಲ. ಕಟ್ಟಿದವರು ಬೆಂಗಳೂರಿಗೆ ಹೋಗಿದ್ದರು, ಒಂದು ಸಾಲು ಬರಹವೂ ಇರಲಿಲ್ಲ. ಮೂರು ವಾರ ಬರೀ ಓದುವುದರಲ್ಲೇ ಹೋಯಿತು. ಈಗ ನಾನು ಪ್ರತಿ ಕೆಲಸದ ಜೊತೆ ಒಂದು ಪುಟ ಕನ್ನಡದಲ್ಲಿ ಬರೆದಿಡುತ್ತೇನೆ: ಯಾವ ಆವೃತ್ತಿ, ಬಿಲ್ಡ್ ಮಾಡುವುದು ಹೇಗೆ, ಇದನ್ನೇ ಯಾಕೆ ಆರಿಸಿದೆ. ಅದರ ಪ್ರಿಂಟ್ ಒಂದು ಬ್ಯಾಡಗಿಯ ಅಂಗಡಿಯಲ್ಲಿ, ಲೆಕ್ಕದ ಪುಸ್ತಕದ ಪಕ್ಕದಲ್ಲೇ ಇದೆ.