ಬಟ್ಟೆ ಒಗೆದ ನೀರು ತೆಂಗಿನ ಬುಡಕ್ಕೆ

ಹಿತ್ತಲಲ್ಲಿ ತೆಂಗು, ಬಾಳೆ ಇರುವವರು ಬಟ್ಟೆ ಒಗೆದ ನೀರನ್ನು ಸುಮ್ನೆ ಮೋರಿಗೆ ಬಿಡಬೇಡಿ. 2024ರ ಬೇಸಿಗೆ ನೆನಪಿದೆ ಅಲ್ವಾ, ಬೆಂಗಳೂರಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿದ್ದರು. ಆಗ ಶುರು ಮಾಡಿದ್ದು ನಾನು.

ವಾಷಿಂಗ್ ಮೆಷಿನ್ ಪೈಪನ್ನು ಒಂದು ಡ್ರಮ್ಮಿಗೆ ಬಿಟ್ಟಿದ್ದೇನೆ. ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಕಟ್ಟಿದ್ದೇನೆ, ನೂಲು, ಕೂದಲೆಲ್ಲ ಅದರಲ್ಲೇ ನಿಲ್ಲುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಒಗೆದರೆ ಸಾಕು. ಡ್ರಮ್ಮಿನ ತಳದ ನಲ್ಲಿಯಿಂದ ಪೈಪ್ ಎಳೆದು ನೀರನ್ನು ಪಾತಿಗೆ ಬಿಡುತ್ತೇನೆ. ಪಾತಿ ಕಾಂಡಕ್ಕೆ ಅಂಟಿಕೊಂಡಿರಬಾರದು, ನಾಲ್ಕೈದು ಅಡಿ ದೂರದಲ್ಲಿ ಸುತ್ತಲೂ ತೋಡಿ, ನೀರು ಎಳೆಯುವ ಬೇರು ಇರುವುದು ಅಲ್ಲೇ. ಮೇಲೆ ಒಣಗಿದ ಗರಿ, ತೆಂಗಿನ ಸಿಪ್ಪೆ ಹೊದಿಸಿದರೆ ಸೊಳ್ಳೆಯೂ ಬರಲ್ಲ, ತೇವವೂ ಉಳಿಯುತ್ತದೆ.

ಒಂದು ಮಾತು ಮರೆಯಬೇಡಿ, ನೀರನ್ನು ಒಂದು ದಿನಕ್ಕಿಂತ ಜಾಸ್ತಿ ಹಿಡಿದಿಡಬೇಡಿ, ಕೊಳೆತು ನಾರುತ್ತದೆ.

ಬ್ಲೀಚ್ ಹಾಕಿದ ದಿನ, ಮಗುವಿನ ಲಂಗೋಟಿ ಒಗೆದ ದಿನ ಆ ನೀರು ಮೋರಿಗೇ ಹೋಗಲಿ. ಸೋಪಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ತೆಂಗು ಅದನ್ನು ತಡೆದುಕೊಳ್ಳುತ್ತದೆ, ನಿಂಬೆ ತಡೆಯಲ್ಲ. ನಮ್ಮ ನಿಂಬೆ ಗಿಡದ ಎಲೆ ತುದಿ ಕಂದಾಗಿ ಸುಟ್ಟಂತಾದ ಮೇಲೆ ಅದಕ್ಕೆ ಅಕ್ಕಿ, ತರಕಾರಿ ತೊಳೆದ ನೀರು ಮಾತ್ರ ಹಾಕುತ್ತಿದ್ದೇನೆ, ಈಗ ಹೊಸ ಚಿಗುರು ಬಂದಿದೆ. ಸೊಪ್ಪು, ಮೂಲಂಗಿ, ಕ್ಯಾರೆಟ್ ಮಡಿಗೆ ಮಾತ್ರ ಸೋಪಿನ ನೀರು ಖಂಡಿತ ಬೇಡ. ಮಳೆಗಾಲದಲ್ಲಿ ಒಂದೆರಡು ಸಲ ಪಾತಿ ತುಂಬ ಮಳೆನೀರು ನಿಲ್ಲಲು ಬಿಡಿ, ಮಣ್ಣಲ್ಲಿ ಕೂತ ಉಪ್ಪು ತೊಳೆದು ಕೆಳಗಿಳಿಯುತ್ತದೆ.