ಕಾಫಿ ಕಣದಲ್ಲಿ ಕೇಳಿದ ಕಾದಂಬರಿಗಳು

ಪುಸ್ತಕವೆಂದರೆ ಕೈಯಲ್ಲಿ ಹಿಡಿದು, ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತ ಓದಬೇಕಾದದ್ದು ಎಂದು ನಂಬಿಕೊಂಡೇ ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಆಡಿಯೊ ಪುಸ್ತಕಗಳ ಬಗ್ಗೆ ನನಗಿದ್ದ ಆಕ್ಷೇಪ ಬರಿಯ ಹಟವಾಗಿರಲಿಲ್ಲ, ಅದಕ್ಕೆ ಕಾರಣಗಳಿದ್ದವು. ಓದುವಾಗ ವೇಗ ನನ್ನದು, ಎಲ್ಲಿ ನಿಲ್ಲಬೇಕೆಂಬ ನಿರ್ಧಾರ ನನ್ನದು, ಪಾತ್ರಗಳ ದನಿಯೂ ನಾನೇ ಕಲ್ಪಿಸಿಕೊಂಡದ್ದು. ಕೇಳುವಾಗ ಈ ಮೂರನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡಬೇಕಾಗುತ್ತದೆ. ಈ ಮಾತನ್ನು ನಾನು ಇಂದಿಗೂ ಹಿಂತೆಗೆದುಕೊಂಡಿಲ್ಲ. ಹಾಗೆ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಸಿಗುವುದೇನು ಎಂಬುದನ್ನು ಮಾತ್ರ ನಾನು ತಡವಾಗಿ ಕಲಿತೆ. ಕಲಿತ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನ ಸಿದ್ದಾಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಹೆಚ್ಚಿನದು ರೊಬಸ್ಟಾ, ನೆರಳಿನ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಕೊಯ್ಲು ಶುರುವಾದರೆ ಮೆಣಸು ಮುಗಿಯುವ ತನಕ ನಾಲ್ಕು ತಿಂಗಳು ನನ್ನ ಓದು ನಿಂತೇ ಹೋಗುತ್ತಿತ್ತು. ಹಗಲೆಲ್ಲ ಕಣದಲ್ಲಿರಬೇಕು, ರಾತ್ರಿ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಕಣ್ಣು ಸೋತಿರುತ್ತದೆ. ನಾನು ಗೊಣಗುವುದನ್ನು ಕೇಳಿ ಕೇಳಿ ಬೇಸತ್ತ ಸೊಸೆ ಒಂದು ಸಂಜೆ, "ಅತ್ತೆ, ಕಣದಲ್ಲಿ ನಿಮ್ಮ ಕೈಗಷ್ಟೇ ತಾನೇ ಕೆಲಸ, ಕಿವಿ ಖಾಲಿ ಇರುತ್ತಲ್ಲ" ಎಂದು ಹೇಳಿ ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಕನ್ನಡದ ಆಡಿಯೊ ಪುಸ್ತಕಗಳು ಈಗ ಮೈಲ್ಯಾಂಗ್, ಸ್ಟೋರಿಟೆಲ್‌ನಂಥ ಕಡೆ ದೊರೆಯುತ್ತವೆ. ಇಂಗ್ಲಿಷ್ ಓದುವವರಿಗೆ, 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನಲ್ಲಿ ಹಕ್ಕುಸ್ವಾಮ್ಯದ ಅವಧಿ ಮುಗಿದ ಕೃತಿಗಳನ್ನು ಸ್ವಯಂಸೇವಕರು ಓದಿ ಉಚಿತವಾಗಿ ಇರಿಸಿದ್ದಾರೆ.

ಮೊದಮೊದಲು ಕತೆ ನನ್ನ ಹಿಡಿತಕ್ಕೆ ಸಿಗಲಿಲ್ಲ. ಹೊಸ ಕಾದಂಬರಿಯೊಂದನ್ನು ಹಾಕಿಕೊಂಡರೆ ಹತ್ತು ನಿಮಿಷದಲ್ಲಿ ಮನಸ್ಸು ಕೂಲಿಯ ಲೆಕ್ಕಕ್ಕೋ ಮೋಡದ ಕಡೆಗೋ ಹೋಗಿಬಿಡುತ್ತಿತ್ತು; ಮರಳಿ ಬರುವಷ್ಟರಲ್ಲಿ ಕತೆಯಲ್ಲಿ ಯಾರೋ ಸತ್ತಿರುತ್ತಿದ್ದರು, ಯಾರೆಂದು ತಿಳಿಯುತ್ತಿರಲಿಲ್ಲ. ಇದು ನನ್ನೊಬ್ಬಳ ದೌರ್ಬಲ್ಯವಲ್ಲವೆಂದು ಆಮೇಲೆ ಗೊತ್ತಾಯಿತು. ಓದುವಾಗ ಕಣ್ಣು ಸಾಲಿನ ಮೇಲೆ ಒಂದೇ ಸಮನೆ ಸಾಗುವುದಿಲ್ಲ. ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಇಂಗ್ಲಿಷ್ ಓದುಗರನ್ನು ಕುರಿತ ಸಂಶೋಧನೆಗಳ ಪ್ರಕಾರ ಈ ಜಿಗಿತಗಳಲ್ಲಿ ಶೇಕಡಾ 10ರಿಂದ 15ರಷ್ಟು ಹಿಮ್ಮುಖವಾದವು. ಅಂದರೆ ನಮಗೆ ಅರಿವಿಲ್ಲದೆಯೇ ನಾವು ಸದಾ ಹಿಂದಿನ ಪದಗಳನ್ನು ಮತ್ತೊಮ್ಮೆ ನೋಡಿಕೊಂಡು ಮುಂದೆ ಹೋಗುತ್ತಿರುತ್ತೇವೆ. ಕಿವಿಗೆ ಆ ಅವಕಾಶವಿಲ್ಲ. ಅದರ ಬದಲಿಗಿರುವುದು ಹದಿನೈದೋ ಮೂವತ್ತೋ ಸೆಕೆಂಡು ಹಿಂದಕ್ಕೆ ಹೋಗುವ ಗುಂಡಿ. ಅದನ್ನು ಎಷ್ಟು ಸಲ ಬೇಕಾದರೂ, ಸಂಕೋಚವಿಲ್ಲದೆ ಒತ್ತಬೇಕು. ಸರಿಯಾಗಿ ಕೇಳದವರಷ್ಟೇ ಅದನ್ನು ಒತ್ತುತ್ತಾರೆ ಎಂಬ ಮೇಷ್ಟರ ಮನೋಭಾವ ನನಗೆ ಕೆಲವು ದಿನ ಅಡ್ಡ ಬಂತು.

ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಮೊದಲೇ ಓದಿ ಮುಗಿಸಿದ ಪುಸ್ತಕಗಳನ್ನು ಕೇಳಲು ಆರಂಭಿಸಿದ್ದು. ಮುಂದೇನಾಗುತ್ತದೆ ಎಂಬುದು ಗೊತ್ತಿರುವಾಗ ಮನಸ್ಸು ಐದು ನಿಮಿಷ ತಪ್ಪಿಸಿಕೊಂಡು ಹೋದರೂ ನಷ್ಟವಿಲ್ಲ. ಅಷ್ಟೇ ಆಗಿದ್ದರೆ ಅದನ್ನು ಬರಿಯ ಅಭ್ಯಾಸ ಎನ್ನಬಹುದಿತ್ತು. ಆದರೆ ವರ್ಷಗಟ್ಟಲೆ ತರಗತಿಯಲ್ಲಿ ಪಾಠ ಮಾಡಿದ ಒಂದು ಕಾದಂಬರಿಯನ್ನು ಕೇಳುವಾಗ, ನಾನು ಎಂದೂ ಗಮನಿಸಿರದ ಸಾಲುಗಳು ಕಿವಿಗೆ ಬಿದ್ದವು. ಕತೆಯ ಮುಖ್ಯ ತಿರುವಿನ ಕಡೆಗೆ ಅವಸರದಲ್ಲಿ ಓಡುವ ಕಣ್ಣು, ಅಡುಗೆಮನೆಯ ಮಾತು, ದಾರಿಯ ವರ್ಣನೆ, ಮುದುಕಿಯೊಬ್ಬಳ ಗೊಣಗಾಟ ಇಂಥವನ್ನೆಲ್ಲ ಹಾರಿಸಿಬಿಟ್ಟಿರುತ್ತದೆ. ಓದಿ ಹೇಳುವವರು ಏನನ್ನೂ ಹಾರಿಸುವುದಿಲ್ಲ. ಮುನ್ನೂರು ಪುಟದ ಕಾದಂಬರಿಗೆ ಹತ್ತು ಗಂಟೆಯ ಆಸುಪಾಸು ಬೇಕಾಗುವುದೇಕೆಂದು ಆಗ ಅರ್ಥವಾಯಿತು; ಆ ಸಮಯವನ್ನು ಕೊಡುವುದು ನನಗೆ ಒಳ್ಳೆಯದೇ ಆಯಿತು.

ಇನ್ನು ದನಿಯ ವಿಷಯ. ಆಡಿಯೊ ಪುಸ್ತಕವನ್ನು ಆರಿಸುವಾಗ ಲೇಖಕರ ಹೆಸರಿನಷ್ಟೇ ಓದಿದವರ ಹೆಸರನ್ನೂ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ, ಅದರಲ್ಲೂ ಕನ್ನಡದಲ್ಲಿ. ನಮ್ಮ ವಾಕ್ಯದ ಕ್ರಿಯಾಪದ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಎಷ್ಟು ಕೆಲಸಗಳನ್ನಾದರೂ ಒಂದರ ಹಿಂದೊಂದು ಪೋಣಿಸಬಹುದು. ಒಂದು ಉದಾಹರಣೆಯನ್ನು ನಾನೇ ಕಟ್ಟಿ ಕೊಡುತ್ತೇನೆ: "ಅಂಗಳಕ್ಕೆ ಬಂದು ಒದ್ದೆ ಕಂಬಳಿಯನ್ನು ಬೇಲಿಯ ಮೇಲೆ ಹರವಿ ಗದ್ದೆಯ ದಾರಿ ಹಿಡಿದ ತಮ್ಮನನ್ನು ಅವಳು ನೋಡುತ್ತ ನಿಂತಳು." ಕಂಬಳಿ ಹರವಿದ್ದು ಯಾರು? "ಹರವಿ" ಎಂಬಲ್ಲಿ ಓದುವವರು ಒಂದು ಚೂರು ತಡೆದರೆ ಅದು ಅವಳ ಕೆಲಸ; ತಡೆಯದೆ ಮುಂದಕ್ಕೆ ಹೋದರೆ ತಮ್ಮನ ಕೆಲಸ. ಮುದ್ರಿತ ಪುಟದಲ್ಲಿ ಕಣ್ಣು ಕೊನೆಯ ತನಕ ಹೋಗಿ ಹಿಂದಿರುಗಿ ಇದನ್ನು ಬಿಡಿಸಿಕೊಳ್ಳುತ್ತದೆ. ಕೇಳುವಾಗ ಇಡೀ ತೀರ್ಮಾನ ಓದುವವರ ಉಸಿರಿನಲ್ಲಿದೆ. ಅಲ್ಪವಿರಾಮ ಕಂಡಲ್ಲೆಲ್ಲ ದನಿಯನ್ನು ಕೆಳಗಿಳಿಸಿ, ವಾರ್ತೆ ಓದಿದಂತೆ ಓದುವವರ ಬಾಯಲ್ಲಿ ಇಂಥ ವಾಕ್ಯ ಮೂರು ತುಂಡಾಗಿಬಿಡುತ್ತದೆ. ಒಳ್ಳೆಯ ವಾಚಕರು ಕ್ರಿಯಾಪದ ಬರುವ ತನಕ ದನಿಯನ್ನು ಎತ್ತಿ ಹಿಡಿದಿರುತ್ತಾರೆ, ಕೇಳುಗರೂ ಅಲ್ಲಿಯ ತನಕ ಅವರ ಜೊತೆಗೇ ಕಾಯುತ್ತಾರೆ.

ಸಂಭಾಷಣೆಯಲ್ಲಿಯೂ ಇದೇ ತೊಡಕು. "ಎಂದಳು", "ಎಂದ" ಎಂಬುದು ಮಾತು ಮುಗಿದ ಮೇಲೆ ಬರುವುದರಿಂದ ಮಾತನಾಡುತ್ತಿರುವವರು ಯಾರೆಂಬುದು ಕಿವಿಗೆ ಮೊದಲೇ ತಿಳಿಯುವುದಿಲ್ಲ. ಅದಕ್ಕಾಗಿ ಪ್ರತಿ ಪಾತ್ರಕ್ಕೂ ನಾಟಕದ ದನಿ ತೆಗೆಯಬೇಕಾಗಿಲ್ಲ, ಅದು ನನಗೆ ಕಿರಿಕಿರಿ ಕೂಡ. ದನಿಯಲ್ಲಿ ಸಣ್ಣದೊಂದು ಛಾಯೆ ಬದಲಾದರೆ ಸಾಕು. ಆ್ಯಪ್‌ನಲ್ಲಿ ಮಾದರಿಯಾಗಿ ಕೊಟ್ಟಿರುವ ತುಣುಕಿನಲ್ಲಿ ಮಾತುಕತೆಯ ಭಾಗ ಬರುವ ತನಕ ಈಗ ನಾನು ಕಾದು, ಅದನ್ನು ಕೇಳಿದ ಮೇಲೆಯೇ ಕೊಳ್ಳುತ್ತೇನೆ. ಪ್ರಾದೇಶಿಕ ಕನ್ನಡದಲ್ಲಿ ಬರೆದ ಕೃತಿಯಾದರೆ ಆ ಸೀಮೆಯವರೇ ಓದಿದ್ದನ್ನು ಹುಡುಕುತ್ತೇನೆ. ಧಾರವಾಡದ ಕಡೆಯ ಮಾತು ಪುಟದ ಮೇಲೆ ನನಗೆ ಯಾವಾಗಲೂ ತುಸು ಕಷ್ಟದ ಓದು. ಆ ಊರಿನ ಬಾಯಿಂದ ಕೇಳಿದಾಗ ಎಲ್ಲಿ ನಗಬೇಕೆಂದು ಒಡನೆಯೇ ತಿಳಿಯಿತು. ಯಂತ್ರದ ದನಿಯಲ್ಲಿ ಇ-ಪುಸ್ತಕ ಓದಿಸುವ ಸೌಲಭ್ಯವನ್ನೂ ನೋಡಿದೆ. ಪತ್ರಿಕೆಯ ಲೇಖನಕ್ಕೆ ಅಡ್ಡಿಯಿಲ್ಲ, ಕಾದಂಬರಿಗೆ ಒಗ್ಗುವುದಿಲ್ಲ.

ಯಾವ ಕೆಲಸದ ಜೊತೆ ಯಾವ ಪುಸ್ತಕ ಹೊಂದುತ್ತದೆ ಎಂಬುದು ಮಾಡಿ ನೋಡಿಯೇ ತಿಳಿಯಬೇಕು. ಕಣದಲ್ಲಿ ಹರಡಿದ ಹಣ್ಣನ್ನು ಮರದ ಹಲಗೆಯಿಂದ ಕೆದಕಿ, ಸಾಲು ತೆಗೆದು, ಬಿಸಿಲು ಬೀಳದ ಕಡೆಯನ್ನು ಮೇಲಕ್ಕೆ ತರುವುದು, ಮತ್ತೆ ಸ್ವಲ್ಪ ಹೊತ್ತಿಗೆ ಅದನ್ನೇ ಇನ್ನೊಂದು ದಿಕ್ಕಿನಿಂದ ಮಾಡುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚುವುದು: ಇದರಲ್ಲಿ ಕೈ ತಾನಾಗಿ ನಡೆಯುತ್ತದೆ, ಆದ್ದರಿಂದ ದೊಡ್ಡ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಜೊತೆಯಿಲ್ಲ. ಒಣಗಿದ ಮೆಣಸಿನಿಂದ ತೊಟ್ಟು, ಜೊಳ್ಳು ಆರಿಸುವುದು ಕಣ್ಣಿನ ಕೆಲಸ, ಆದರೂ ಸಣ್ಣ ಕತೆಗಳಿಗೆ ಆದೀತು. ಹಣ್ಣು ತೂಕ ಮಾಡಿ ಬರೆದುಕೊಳ್ಳುವಾಗ ಏನನ್ನೂ ಕೇಳಬಾರದು. ಅಂಕಿಯೂ ಮಾತೇ ಆದ್ದರಿಂದ ಎರಡೂ ಒಂದನ್ನೊಂದು ಕೆಡಿಸುತ್ತವೆ.

ತೋಟದ ದಾರಿಯಲ್ಲಿ ನಡೆಯುವಾಗ ಇಯರ್‌ಫೋನ್ ಹಾಕಲೇಬಾರದು. ಪೇಟೆಯವರು ಬೆಳಗಿನ ನಡಿಗೆಯಲ್ಲಿ ಪುಸ್ತಕ ಕೇಳುತ್ತೇವೆ ಎಂದು ಹೇಳುವಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ. ನಮ್ಮ ಕಡೆ ಮುಂಜಾನೆ, ಮುಸ್ಸಂಜೆಗಳು ಆನೆ ಓಡಾಡುವ ಹೊತ್ತು. ಅಷ್ಟು ದೊಡ್ಡ ಪ್ರಾಣಿ ಕಾಫಿ ಗಿಡಗಳ ನಡುವೆ ಸದ್ದಿಲ್ಲದೆ ನಿಂತಿರಬಲ್ಲದು. ಕೊಂಬೆ ಮುರಿದ ಸದ್ದು, ಕಿವಿ ಬಡಿದ ಸದ್ದು, ಇವೇ ನಮಗೆ ಸಿಗುವ ಸೂಚನೆ. ಹಲಸು ಹಣ್ಣಾಗುವ ಕಾಲದಲ್ಲಂತೂ ಹಗಲಿನಲ್ಲಿಯೂ ಎಚ್ಚರ ಬೇಕು. ಅಂಥ ದಾರಿಯಲ್ಲಿ ಒಂದು ಕಿವಿಗೆ ಮಾತ್ರ ಹಾಕಿಕೊಂಡರೆ ಸಾಕೆಂದು ವಾದಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಒಳ್ಳೆಯ ಕತೆ ಇನ್ನೊಂದು ಕಿವಿಯನ್ನೂ ಎಳೆದುಕೊಳ್ಳುತ್ತದೆ.

ಕಣದಲ್ಲಿಯೂ ಇಯರ್‌ಫೋನ್ ಬಿಟ್ಟು ಸಣ್ಣ ಬ್ಲೂಟೂತ್ ಸ್ಪೀಕರ್ ಇಟ್ಟುಕೊಂಡದ್ದು, ಕೆಲಸದವರು ಕರೆದರೆ ಕೇಳಿಸಲಿ ಎಂಬ ಕಾರಣಕ್ಕೆ. ಅದರಿಂದ ಬೇರೆಯೇ ಒಂದು ಬೆಳವಣಿಗೆಯಾಯಿತು. ತೋಟದ ಕೆಲಸದವರು ವಾಸಿಸುವ ಲೈನ್ ಮನೆಯಿಂದ ಮೆಣಸು ಆರಿಸಲು ಬರುವ ಹೆಂಗಸರು ಮೊದಲ ದಿನ ತಮ್ಮ ಪಾಡಿಗೆ ಮಾತನಾಡುತ್ತಿದ್ದರು. ಕ್ರಮೇಣ ಮಾತು ತಗ್ಗಿತು. ನಾನು ಯಾವುದೋ ಫೋನಿಗೆ ಎದ್ದು ಹೋಗಿ ಕತೆ ನಿಲ್ಲಿಸಿದ್ದಾಗ ಅವರಲ್ಲಿ ಹಿರಿಯಾಕೆ, "ಟೀಚರ್, ಅದನ್ನು ಹಾಕಿಯೇ ಹೋಗಿ, ಆ ಹುಡುಗಿ ಗಂಡನ ಮನೆಗೆ ವಾಪಸ್ ಹೋದಳೋ ಇಲ್ಲವೋ ಗೊತ್ತಾಗಲಿಲ್ಲ" ಎಂದರು. ಅವರು ಅಕ್ಷರ ಕಲಿತವರಲ್ಲ. ಆ ಹುಡುಗಿ ಮಾಡಿದ್ದು ಸರಿಯೋ ತಪ್ಪೋ ಎಂಬ ಬಗ್ಗೆ ಅಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಡೆದ ಚರ್ಚೆ, ನನ್ನ ತರಗತಿಗಳಲ್ಲಿ ನಡೆದ ಎಷ್ಟೋ ಚರ್ಚೆಗಳಿಗಿಂತ ಗಟ್ಟಿಯಾಗಿತ್ತು; ಟಿಪ್ಪಣಿಯ ಪುಸ್ತಕದಿಂದ ಉರು ಹೊಡೆದ ಅಭಿಪ್ರಾಯ ಅದರಲ್ಲಿ ಒಂದೂ ಇರಲಿಲ್ಲ.

ಇದು ಹೊಸದೇನೂ ಅಲ್ಲ ಎಂಬುದು ಕನ್ನಡ ಪಾಠ ಹೇಳಿದ ನನಗೆ ತಿಳಿದಿರಬೇಕಿತ್ತು. ಗಮಕ ವಾಚನದಲ್ಲಿ ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರು ಕುಳಿತು ಕೇಳುತ್ತದೆ. ನಮ್ಮ ದೊಡ್ಡ ಕಾವ್ಯಗಳು ಬಹುಪಾಲು ಜನರಿಗೆ ತಲುಪಿದ್ದೇ ಈ ದಾರಿಯಿಂದ. ಯಂತ್ರದ ಮೂಲಕ ಪುಸ್ತಕ ಕೇಳುವ ವ್ಯವಸ್ಥೆ ಬೆಳೆದದ್ದು ದೃಷ್ಟಿ ಇಲ್ಲದವರಿಗಾಗಿ. ಬ್ರಿಟನ್ನಿನಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನೂ ಮನಸ್ಸಿನಲ್ಲಿಟ್ಟುಕೊಂಡು 1935ರಲ್ಲಿ ಮಾತನಾಡುವ ಪುಸ್ತಕಗಳ ಸೇವೆ ಶುರುವಾಯಿತು. ದೊಡ್ಡ ಗ್ರಾಮಫೋನ್ ತಟ್ಟೆಗಳ ಒಂದೊಂದು ಬದಿಯಲ್ಲಿ ಸುಮಾರು 25 ನಿಮಿಷದ ಓದು ಇರುತ್ತಿತ್ತು. ಮನೆಮನೆಯಲ್ಲಿ ಸೈನಿಕರಿರುವ ಕೊಡಗಿನಲ್ಲಿ ಕುಳಿತು ಈ ಸಂಗತಿ ತಿಳಿದ ಮೇಲೆ, ಕೇಳುವುದನ್ನು ಸೋಮಾರಿಗಳ ಓದು ಎನ್ನಲು ನನಗೆ ಬಾಯಿ ಬರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ಆರಂಭಿಸಿದ್ದೂ ಅದೇ 1935ರಲ್ಲಿ.

ಕೇಳಿದ್ದು ತಲೆಯಲ್ಲಿ ನಿಲ್ಲುತ್ತದೆಯೇ ಎಂಬ ಪ್ರಶ್ನೆಗೆ ಸಂಶೋಧನೆಗಳ ಉತ್ತರ ಒಂದೇ ರೀತಿ ಇಲ್ಲ. 2016ರಲ್ಲಿ ಅಮೆರಿಕದಲ್ಲಿ ಬೆತ್ ರೋಗೌಸ್ಕಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲಿ, ಯುದ್ಧಕಾಲದ ಒಂದು ನೈಜ ಕಥನದ ಭಾಗಗಳನ್ನು ಕೆಲವರು ಕೇಳಿದರು, ಕೆಲವರು ಪರದೆಯ ಮೇಲೆ ಓದಿದರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಆಗಲೇ ಕೇಳಿದ ಪ್ರಶ್ನೆಗಳಲ್ಲಾಗಲಿ, ಎರಡು ವಾರದ ನಂತರ ಕೇಳಿದವುಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ 2010ರ ಇನ್ನೊಂದು ಅಧ್ಯಯನದಲ್ಲಿ, ಪಾಠದ ವಿಷಯವನ್ನು ಓದಿದ ವಿದ್ಯಾರ್ಥಿಗಳು ಅದನ್ನೇ ಕೇಳಿದವರಿಗಿಂತ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ನನ್ನ ಅನುಭವಕ್ಕೆ ಎರಡೂ ಹೊಂದುತ್ತವೆ. ಕಥನ ಕಿವಿಯಿಂದ ಚೆನ್ನಾಗಿ ಒಳಗಿಳಿಯುತ್ತದೆ. ವಾದ, ವಿಮರ್ಶೆ, ಅಡಿಟಿಪ್ಪಣಿಗಳಿರುವ ಸಂಶೋಧನೆ ಇವನ್ನು ನಾನು ಕೇಳಲು ಹೋಗುವುದಿಲ್ಲ. ನಾಲ್ಕು ತಲೆಮಾರಿನ ಮನೆತನದ ಕತೆಯಾದರೆ ಕಾಗದದ ಮೇಲೆ ವಂಶಾವಳಿ ಬರೆದು ಜೇಬಿನಲ್ಲಿಟ್ಟುಕೊಳ್ಳುತ್ತೇನೆ. ಗೆರೆ ಎಳೆಯುವ ಚಟಕ್ಕೂ ಒಂದು ಉಪಾಯ ಮಾಡಿಕೊಂಡಿದ್ದೇನೆ: ಹಿಡಿಸಿದ ಸಾಲು ಬಂದಾಗ ಅಧ್ಯಾಯದ ಸಂಖ್ಯೆಯನ್ನೂ ಎರಡು ಪದಗಳನ್ನೂ ಚೀಟಿಯಲ್ಲಿ ಬರೆದಿಟ್ಟು, ಬಿಡುವಾದಾಗ ಮುದ್ರಿತ ಪ್ರತಿಯಲ್ಲಿ ಅದನ್ನು ಹುಡುಕಿ ಗೆರೆ ಎಳೆಯುತ್ತೇನೆ. ಹೀಗಾಗಿ ಕೇಳಲು ಕಲಿತ ಮೇಲೆ ನಾನು ಕೊಳ್ಳುವ ಪುಸ್ತಕಗಳು ಕಡಿಮೆಯಾಗಿಲ್ಲ.

ವೇಗದ ಬಗ್ಗೆ ಸೊಸೆಗೂ ನನಗೂ ಒಮ್ಮತವಿಲ್ಲ. ಅವಳು ಎಲ್ಲವನ್ನೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತಾಳೆ. ಪ್ರವಾಸ ಕಥನ, ಆತ್ಮಕತೆಗಳಿಗೆ ನಾನು ಕಾಲು ಭಾಗ ವೇಗ ಹೆಚ್ಚಿಸುವುದುಂಟು. ಕಾದಂಬರಿಯಲ್ಲಿ ಹಾಗೆ ಮಾಡಿದರೆ ಪದಗಳ ಕೊನೆಯ ಹ್ರಸ್ವ ಸ್ವರಗಳೂ ಮಾತಿನ ನಡುವಿನ ಮೌನವೂ ನುಂಗಿಹೋಗುತ್ತವೆ.

ತೋಟದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಮನೆಯ ವೈಫೈಯಲ್ಲಿ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬೇಕು. ಸಾಧಾರಣ ಗುಣಮಟ್ಟದಲ್ಲಿ, ಅಂದರೆ 64 ಕೆಬಿಪಿಎಸ್‌ನಲ್ಲಿ, ಒಂದು ಗಂಟೆಯ ಓದು ಸುಮಾರು 29 ಎಂಬಿ ಆಗುತ್ತದೆ. ಒಂದು ಕಾದಂಬರಿಗೆ 300 ಎಂಬಿ ಜಾಗ ಸಾಕು. ಮಳೆಗಾಲದಲ್ಲಿ ಮಾತ್ರ ಈ ಏರ್ಪಾಟು ನಡೆಯುವುದಿಲ್ಲ. ಜುಲೈ ತಿಂಗಳ ಮಳೆ ಶೀಟಿನ ಮೇಲೆ ಬೀಳುವಾಗ ಮಾತು ಕೇಳಬೇಕಾದರೆ ದನಿಯನ್ನು ವಿಪರೀತ ಏರಿಸಬೇಕಾಗುತ್ತದೆ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನನ್ನ ವಯಸ್ಸಿನವರು ಅಷ್ಟನ್ನೂ ಮುಟ್ಟದಿರುವುದು ಲೇಸು. ಜೊತೆಗೆ ದಿನಗಟ್ಟಲೆ ಕರೆಂಟು ಇರುವುದಿಲ್ಲ, ಮೊಬೈಲಿನ ಚಾರ್ಜನ್ನು ಆಪತ್ತಿನ ಕರೆಗಳಿಗೆ ಉಳಿಸಿಕೊಳ್ಳಬೇಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನದು ಪೂರ್ತಿ ಕಾಗದದ ಓದು. ವಿಮರ್ಶೆ, ಸಂಶೋಧನೆಯ ದಪ್ಪ ಪುಸ್ತಕಗಳೆಲ್ಲ ಆ ನಾಲ್ಕು ತಿಂಗಳಿಗೆ ಮೀಸಲು.

ಮುಂದಿನ ಕೊಯ್ಲಿಗೆ ನಾನು ಹಳೆಯ ಸಾಮಾಜಿಕ ಕಾದಂಬರಿಯೊಂದನ್ನು ಆರಿಸಿಟ್ಟಿದ್ದೆ. ಮೆಣಸು ಆರಿಸುವವರ ಬೇಡಿಕೆ ಬೇರೆಯೇ ಇದೆ: ಅಳುವ ಕತೆ ಸಾಕು, ಈ ಸಲ ಪತ್ತೇದಾರಿ ಬೇಕಂತೆ. ಆ ಪ್ರಕಾರದ ಮೇಲೆ ನನಗೆ ಅಂಥ ಗೌರವವೇನೂ ಇಲ್ಲ, ಆದರೂ ಎರಡನ್ನು ಡೌನ್‌ಲೋಡ್ ಮಾಡಿದ್ದೇನೆ. ಒಂದರ ಮೊದಲ ಅಧ್ಯಾಯವನ್ನು ಪರೀಕ್ಷೆಗೆಂದು ಕೇಳಿದೆ. ಓದಿದವರು "ಎಂದನು" ಬರುವ ತನಕ ದನಿಯನ್ನು ಚೆನ್ನಾಗಿಯೇ ಹಿಡಿದಿದ್ದಾರೆ.