ಎರಡನೇ ಗೇರ್ ಬಿಡುತ್ತಿದ್ದ ನಮ್ಮ ತೋಟದ ಜೀಪು

ಕೊಡಗಿನ ತೋಟಗಳಲ್ಲಿ ಹಳೇ ಪೆಟ್ರೋಲ್ ಜೀಪು ಇಟ್ಟುಕೊಂಡವರ ದೂರು ಹೆಚ್ಚಾಗಿ ಒಂದೇ. ಇಳಿಜಾರಿನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಎರಡನೇ ಗೇರ್ ತಾನಾಗಿಯೇ ಬಿಟ್ಟು ನ್ಯೂಟ್ರಲ್‌ಗೆ ಬಂದುಬಿಡುತ್ತದೆ. ನಮ್ಮ ಸಿಜೆ-3ಬಿ ಮಾದರಿಯ ಜೀಪು ಕೂಡ ಹಾಗೇ ಆಗಿತ್ತು. ಸುಂಟಿಕೊಪ್ಪಕ್ಕೆ ಇಳಿಯುವಾಗ ಒಂದು ಕೈ ಸ್ಟೀರಿಂಗ್‌ನಲ್ಲಿ, ಇನ್ನೊಂದು ಗೇರ್ ಲಿವರ್ ಮೇಲೆ. ಕೇಳಿದವರೆಲ್ಲ ‘ಗೇರ್ ಸೆಟ್ಟೇ ಬದಲಿಸಿ’ ಅಂದರು. ನಾನು ಬದಲಿಸಲಿಲ್ಲ. ಹಳೇ ಗೇರ್‌ಗಳ ಉಕ್ಕು ಚೆನ್ನಾಗಿರುತ್ತದೆ, ಸವೆಯುವುದು ಅವುಗಳನ್ನು ಹಿಡಿದಿಟ್ಟ ಸಣ್ಣ ಸಾಮಾನು.

ಇದರಲ್ಲಿ ಮೂರು ಗೇರಿನ ಟಿ-90 ಗೇರ್‌ಬಾಕ್ಸ್, ಅದರ ಬೆನ್ನಿಗೇ ಇಂಜಿನ್ ಬಲವನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಎರಡನ್ನೂ ಒಟ್ಟಿಗೆ ಕೆಳಗಿಳಿಸಿದೆ. ಬೇರೆ ಮಾಡುವಾಗ ಮಾತ್ರ ಜಾಗ್ರತೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಮುಚ್ಚಳ ತೆಗೆದು, ಗೇರ್‌ಬಾಕ್ಸಿನಿಂದ ಅಲ್ಲಿಗೆ ಬರುವ ಮುಖ್ಯ ಶಾಫ್ಟಿನ (ಮೇನ್‌ಶಾಫ್ಟ್) ತುದಿಯ ದೊಡ್ಡ ನಟ್ ಬಿಚ್ಚಿ, ಅಲ್ಲಿರುವ ಗೇರ್ ಎಳೆದುಕೊಂಡ ಮೇಲೆ, ಗೇರ್‌ಬಾಕ್ಸಿನ ಮೇಲಿನ ಕವರ್ ತೆಗೆದು ಎರಡನೇ ಗೇರಿನ ಹಿಂಬದಿಯಲ್ಲಿ ಮೇನ್‌ಶಾಫ್ಟ್‌ಗೆ ತಂತಿ ಸುತ್ತಿ ಮುಂದಿನ ಕವರ್ ಸ್ಕ್ರೂಗಳಿಗೆ ಬಿಗಿಯಾಗಿ ಕಟ್ಟಬೇಕು. ಕಟ್ಟದೆ ಟ್ರಾನ್ಸ್‌ಫರ್ ಕೇಸ್ ಎಳೆದರೆ ಮೇನ್‌ಶಾಫ್ಟೂ ಜೊತೆಗೇ ಹೊರಟುಬಿಡುತ್ತದೆ, ಒಳಗಿನ ರೋಲರ್‌ಗಳನ್ನು ಹುಡುಕುತ್ತಾ ಕೂರಬೇಕಾಗುತ್ತದೆ.

ಬಿಚ್ಚಿ ನೋಡಿದರೆ ಗೇರ್‌ಗಳ ಹಲ್ಲು ಗಟ್ಟಿ. ಒಂದನೇ ಗೇರಿನ ಅಂಚು ಸ್ವಲ್ಪ ಉರುಟಾಗಿತ್ತು ಅಷ್ಟೇ, ಹಲ್ಲು ಕೂಡುವ ಮೊದಲು ವೇಗ ಹೊಂದಿಸುವ ಸಿಂಕ್ರೊ ಅದಕ್ಕೆ ಇಲ್ಲವಲ್ಲ. ಕೆಳಗಿನ ಕೌಂಟರ್‌ಶಾಫ್ಟಿನಲ್ಲಿ ಗೇರ್ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದು ಅದರ ಮೇಲಿನ ಕ್ಲಸ್ಟರ್ ಗೇರ್ (ಒಂದೇ ತುಂಡಾಗಿರುವ ಗೇರ್‌ಗಳ ಗುಂಪು) ಹಿಂದೆ ಮುಂದೆ ಓಡಾಡುತ್ತಿತ್ತು, ಹಿಂದಿನ ಬೇರಿಂಗ್ ಸಡಿಲವಾಗಿತ್ತು, ಹಾಕಿದ ಗೇರನ್ನು ಜಾಗದಲ್ಲಿ ಹಿಡಿದಿಡಲು ಶಿಫ್ಟ್ ರೈಲಿನ ಗುಂಡು ಒತ್ತುವ ಸ್ಪ್ರಿಂಗ್‌ಗಳಲ್ಲಿ ಶಕ್ತಿಯೇ ಇರಲಿಲ್ಲ. ಇಷ್ಟು ಸಡಿಲ ಇದ್ದರೆ ಗೇರ್ ಹೇಗೆ ನಿಲ್ಲುತ್ತದೆ, ಹೇಳಿ? ಇವಿಷ್ಟನ್ನೇ ಬದಲಿಸಿದೆ.

ಟ್ರಾನ್ಸ್‌ಫರ್ ಕೇಸಿನ ಕಥೆ ಬೇರೆ. ಮಳೆಗಾಲದಲ್ಲಿ ತೋಡು ದಾಟಿಸಿ ದಾಟಿಸಿ ಒಳಗೆ ನೀರು ಸೇರಿ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಳಗಿನ ಇಂಟರ್‌ಮೀಡಿಯೆಟ್ (ನಡುವಿನ) ಶಾಫ್ಟ್ ಮೇಲೆ ನೀಡಲ್‌ಗಳು, ಅಂದರೆ ಬೇರಿಂಗಿನ ಸೂಜಿಯಂಥ ಸಣ್ಣ ರೋಲರ್‌ಗಳು ಓಡುವ ಜಾಗವೆಲ್ಲ ತುಕ್ಕಿನ ಗುಳಿ. ಶಾಫ್ಟ್, ನೀಡಲ್, ಎರಡು ಕಡೆಯ ಥ್ರಸ್ಟ್ ವಾಷರ್, ಎಲ್ಲಾ ಹೊಸದೇ ಹಾಕಿದೆ. ಸಾಮಾನು ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವ ಮೊದಲು ಶಾಫ್ಟ್ ಅಳೆದುಕೊಂಡು ಹೋಗಿ. ಇದು ಮುಕ್ಕಾಲು ಇಂಚು, 1⅛ ಇಂಚು, 1¼ ಇಂಚು, ಹೀಗೆ ಬೇರೆ ಬೇರೆ ಗಾತ್ರದಲ್ಲಿ ಬಂದಿದೆ. ಸುಮ್ನೆ ‘ಜೀಪ್ ಶಾಫ್ಟ್ ಕೊಡಿ’ ಅಂದರೆ ಆಗಲ್ಲ.

ಜೋಡಿಸುವಾಗ ನೀಡಲ್‌ಗಳನ್ನು ದಪ್ಪ ಗ್ರೀಸಿನಲ್ಲಿ ಅಂಟಿಸಿ, ಶಾಫ್ಟಿನದೇ ದಪ್ಪದ ಒಂದು ತುಂಡು ಕಂಬಿಯನ್ನು ಒಳಗೆ ಇಟ್ಟುಕೊಂಡೆ. ನಿಜವಾದ ಶಾಫ್ಟ್ ತೂರುವಾಗ ಆ ತುಂಡು ಆಚೆ ಕಡೆಯಿಂದ ತಾನೇ ಹೊರಬರುತ್ತದೆ. ಹಿಂದಿನ ಔಟ್‌ಪುಟ್ ಶಾಫ್ಟಿನ ಎಂಡ್ ಪ್ಲೇ, ಅಂದರೆ ಹಿಂದೆ ಮುಂದೆ ಸರಿಯುವ ಸಡಿಲವನ್ನು ತೆಳು ತಗಡಿನ ಶಿಮ್ ಹಾಕಿ 0.10ರಿಂದ 0.20 ಮಿಲಿಮೀಟರ್ ಒಳಗೆ ತಂದೆ. ಅಷ್ಟು ಸಣ್ಣ ಅಂತರ ಅಳೆಯುವ ಡಯಲ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅಲ್ಲಿನ ಆಯಿಲ್ ಸೀಲಂತೂ ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಲೇಬೇಕು. ಈ ಜೀಪಿನ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಅದರ ಹಿಂದೆಯೇ, ಸೀಲ್ ಸೋರಿದರೆ ಶೂ ನೆನೆದು ನಮ್ಮ ಏರಿನಲ್ಲಿ ಗಾಡಿ ನಿಲ್ಲುವುದಿಲ್ಲ.

ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಲ್ಲಿರುವ ಕ್ರಾಸ್‌ಗಳನ್ನು ಬದಲಿಸಿದೆ, ಉದ್ದ ಹೆಚ್ಚುಕಡಿಮೆಯಾಗಲು ಜಾರುವ ಸ್ಲಿಪ್ ಜಾಯಿಂಟಿನ ಬಾಣದ ಗುರುತು ಎದುರುಬದುರು ಬರುವಂತೆ ನೋಡಿಕೊಂಡೆ. ಹಿಂದಿನ ಆಕ್ಸಲ್ ಚೆನ್ನಾಗಿತ್ತು, ಮುಟ್ಟಲಿಲ್ಲ.

ಆಯಿಲ್ ವಿಷಯದಲ್ಲಿ ಅಂಗಡಿಯವರು ಎಲ್ಲದಕ್ಕೂ ಜಿಎಲ್-5 ದರ್ಜೆಯ ಗೇರ್ ಆಯಿಲ್ ಕೊಡುತ್ತಾರೆ. ಅದು ಆಕ್ಸಲ್‌ನಲ್ಲಿ ಹಲ್ಲುಗಳು ಉಜ್ಜಿಕೊಂಡು ಜಾರುವ ಹೈಪಾಯ್ಡ್ ಗೇರಿಗೆ ಸರಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎರಡಕ್ಕೂ ನಾನು ಹಾಕಿದ್ದು ಜಿಎಲ್-4, 90 ಗ್ರೇಡ್. ಸಿಂಕ್ರೊ ರಿಂಗ್ ಹಿತ್ತಾಳೆ, ಥ್ರಸ್ಟ್ ವಾಷರ್ ಕಂಚು, ಜಿಎಲ್-5ರಲ್ಲಿ ಜಾಸ್ತಿ ಇರುವ ಗಂಧಕದ ಅಂಶ ಇವುಗಳನ್ನು ತಿನ್ನಬಹುದು.

ಈಗ ಎರಡನೇ ಗೇರ್ ಕೈ ಬಿಟ್ಟರೂ ನಿಲ್ಲುತ್ತದೆ. ಓಡುವಾಗ ಟ್ರಾನ್ಸ್‌ಫರ್ ಕೇಸಿನಿಂದ ಬರುವ ಕೂಗು ಮಾತ್ರ ಹೋಗಿಲ್ಲ, ಹೋಗುವುದೂ ಇಲ್ಲ. ಸ್ಪೈಸರ್ 18ರಲ್ಲಿ ಟೂ-ವೀಲ್‌ನಲ್ಲಿ (ಹಿಂದಿನ ಎರಡು ಚಕ್ರದಲ್ಲಿ ಮಾತ್ರ) ಓಡಿಸಿದರೂ ಇಂಜಿನ್ ಬಲ ನೇರವಾಗಿ ಹಿಂದಕ್ಕೆ ಹೋಗುವುದಿಲ್ಲ, ಇಂಟರ್‌ಮೀಡಿಯೆಟ್ ಗೇರ್ ದಾಟಿಯೇ ಪಕ್ಕಕ್ಕೆ ಇಳಿಯಬೇಕು, ಆ ಹಲ್ಲುಗಳ ಸದ್ದೇ ಈ ಕೂಗು. ಕೂಗು ನಿಲ್ಲಿಸಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡಬೇಡಿ.